ತೆರೆಯ ಮೇಲೆ ತೊಗರಿ ನಾಡು ಎಲ್ಲಿ?

1975ರ ಆಗಸ್ಟ್ 1ರಂದು ‘ಸೈಟ್’ ಪ್ರಯೋಗ ಆರಂಭವಾಗಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಬಂತು. ಕರ್ನಾಟಕದಲ್ಲಿ ಆ ಭಾಗ್ಯ ಬೆಂಗಳೂರಿಗಲ್ಲ, ಅಂದಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳಿಗೆ! ಅಮೆರಿಕದ ಉಪಗ್ರಹ, ಕೋಳಿಗೂಡಿಗೆ ಹಾಕುವಂಥ ತಂತಿಬಲೆಯ ಆಂಟೆನಾ, ಒಂದೇ ಪೆಟ್ಟಿಗೆಯ ಮುಂದೆ ಇಡೀ ಊರು. ಬೆಳಿಗ್ಗೆ ಮಕ್ಕಳಿಗೆ, ಸಂಜೆ ಒಕ್ಕಲುತನ, ಆರೋಗ್ಯ. ವರ್ಷಕ್ಕೇ ಮುಗಿಯಿತು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ.

ಇಂದು ಸೇಡಂ, ಚಿಂಚೋಳಿಯ ಮನೆಗಳಲ್ಲಿ ಧಾರಾವಾಹಿ ಇದೆ. ಧಾರಾವಾಹಿಯಲ್ಲಿ ಸೇಡಂ, ಚಿಂಚೋಳಿ ಸಿಗುವುದು ಅಪರೂಪ. ಅಲ್ಲಿರುವುದು ಮಹಡಿ ಮನೆ, ರೇಷ್ಮೆ ಸೀರೆಯುಟ್ಟೇ ಅಡುಗೆ ಮಾಡುವ ಅತ್ತೆ, ಏನು ತಯಾರಿಸುತ್ತದೋ ತಿಳಿಯದ ‘ಕಂಪನಿ’. ಶಹಾಬಾದಿನ ಗಣಿಯಲ್ಲಿ ಫರಸಿ ಕಲ್ಲು ಎಬ್ಬಿಸುವವರು, ವಾಡಿಯ ಸಿಮೆಂಟ್ ಕಾರ್ಖಾನೆಯಿಂದ ಪಾಳಿ ಮುಗಿಸಿ ಬರುವವರು, ಚಿತ್ತಾಪುರದಲ್ಲಿ ತೊಗರಿ ರಾಶಿ ಮಾಡುವವರು ಕಾಣರು. ಈ ಸೀಮೆಯ ಮಾತು ಬಂದರೂ ಹೆಚ್ಚಾಗಿ ನಗಿಸಲಿಕ್ಕೆ.

ಪೆಟ್ಟು ಬೀಳುವುದು ಮಕ್ಕಳಿಗೆ. ಮನೆಯಲ್ಲಿ ‘ಹೌದ್ರಿ’, ‘ಎಲ್ಲಿ ಹೊಂಟೀರಿ’ ಎಂದು ಪಟಪಟನೆ ಮಾತಾಡುವ ಹುಡುಗಿ ಸಂದರ್ಶನದಲ್ಲಿ ಬಾಯಿ ಕಟ್ಟಿ ಕೂರುತ್ತಾಳೆ. ತನ್ನ ಕನ್ನಡವೇ ತಪ್ಪೆಂಬ ಅಳುಕು. ಪಾಲಕರು ಟಿ.ವಿ. ಬಂದ್ ಮಾಡಬೇಕಿಲ್ಲ. ಕಂತು ಮುಗಿದ ಮೇಲೆ ಮಕ್ಕಳನ್ನು ಒಂದು ಮಾತು ಕೇಳಿ ನೋಡಲಿ: ಈ ಮನಿ ಮಂದಿ ಊಟಕ್ಕ ದುಡಿಯೋರು ಯಾರವ್ವಾ?