ರಸಪ್ರಶ್ನೆಗೂ ರಸೀದಿ ಬೇಕು

ಕಳೆದ ದೀಪಾವಳಿಯ ಲಕ್ಷ್ಮೀಪೂಜೆಯ ಸಂಜೆ ಹುಳಿಮಾವಿನ ನನ್ನ ಕಕ್ಷಿದಾರರೊಬ್ಬರ ಅಂಗಡಿಗೆ ಹೋಗಿದ್ದೆ. ಪೂಜೆ ಮುಗಿದು ಪ್ರಸಾದ ಹಂಚುವ ಹೊತ್ತಿಗೆ ಅವರ ಮಗ, ಬಿ.ಕಾಂ. ಎರಡನೆಯ ವರ್ಷದ ವಿದ್ಯಾರ್ಥಿ, ಅಂತರ ಕಾಲೇಜು ರಸಪ್ರಶ್ನೆ ಸ್ಪರ್ಧೆಯಲ್ಲಿ ಗೆದ್ದ ಫಲಕವನ್ನು ತಂದು ತೋರಿಸಿದ. ಸಂತೋಷವಾಯಿತು. ಒಂದೆರಡು ಪ್ರಶ್ನೆಗಳನ್ನು ನಾನೂ ಕೇಳಿದೆ. ಮತದಾನದ ದಿನ ಬೆರಳಿಗೆ ಹಚ್ಚುವ ಶಾಯಿ ಎಲ್ಲಿ ತಯಾರಾಗುತ್ತದೆ? ಮೈಸೂರಿನಲ್ಲಿ ಎಂದ. ಪಿಗ್ಮಿ ಠೇವಣಿಯನ್ನು ಆರಂಭಿಸಿದ ಬ್ಯಾಂಕು ಯಾವುದು? ಸಿಂಡಿಕೇಟ್ ಬ್ಯಾಂಕ್, 1928 ಎಂದ. ವರ್ಷವನ್ನು ನಾನು ಕೇಳಿರಲೂ ಇಲ್ಲ. ಕೊನೆಗೆ, "ಸರಿಯಪ್ಪಾ, ನಿಮ್ಮ ಈ ಅಂಗಡಿ ಯಾವ ವರ್ಷ ಆರಂಭವಾಯಿತು?" ಎಂದೆ. ಹುಡುಗ ತಂದೆಯ ಮುಖ ನೋಡಿದ. ತಂದೆ ಗೋಡೆಯ ಮೇಲೆ ಹಾರ ಹಾಕಿದ್ದ ತಮ್ಮ ತಂದೆಯ ಭಾವಚಿತ್ರ ನೋಡಿದರು. "ಇಂದಿರಾ ಗಾಂಧಿಯವರ ಕಾಲದಲ್ಲಿ ಇರಬೇಕು ಸಾರ್" ಎಂದರು. ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಬೆಂಗಳೂರಿನಲ್ಲಿ ರಸಪ್ರಶ್ನೆಗೆ ಒಂದು ಪರಂಪರೆಯೇ ಇದೆ. 1983ರಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಸ್ಥಾಪನೆಯಾದ ಮೇಲೆ ಅದು ಶಾಲೆ ಕಾಲೇಜುಗಳ ಗೋಡೆ ದಾಟಿ ದೊಡ್ಡವರ ಹವ್ಯಾಸವೂ ಆಯಿತು. ಆದರೆ ನಮ್ಮ ವ್ಯಾಪಾರಿ ಬಂಧುಗಳಲ್ಲಿ ಹೆಚ್ಚಿನವರಿಗೆ ಇದು ಹೊಟ್ಟೆಗೆ ಹಿಟ್ಟಿಲ್ಲದಿರುವಾಗ ಜುಟ್ಟಿಗೆ ಮುಡಿಯುವ ಮಲ್ಲಿಗೆಯಂತೆ ಕಾಣುತ್ತದೆ. ಇತಿಹಾಸ, ತಿಂಡಿ ತಿನಿಸು, ಆಟೋಟ, ಹಳೆಯ ಕಂಪನಿಗಳ ಕಥೆ, ಇವುಗಳಿಂದ ತಿಂಗಳ ಕೊನೆಯಲ್ಲಿ ಜಿ.ಎಸ್.ಟಿ. ಕಟ್ಟಲಾಗುವುದಿಲ್ಲ ಎಂಬುದು ಅವರ ವಾದ. ಮೂವತ್ತು ವರ್ಷ ಲೆಕ್ಕಪತ್ರ ನೋಡಿದ ನನಗೂ ಬಹುಕಾಲ ಅದೇ ಅಭಿಪ್ರಾಯವಿತ್ತು. ಈಗ ಇಲ್ಲ.

ರಸಪ್ರಶ್ನೆಯಲ್ಲಿ ಬರುವ ಉತ್ತರಗಳನ್ನು ಲೆಕ್ಕಿಗನ ಕಣ್ಣಿನಿಂದ ನೋಡಿದರೆ, ಹಲವು ಉತ್ತರಗಳ ಹಿಂದೆ ಯಾರೋ ಇಕ್ಕಟ್ಟಿನಲ್ಲಿ ಕೈಗೊಂಡ ಒಂದು ವ್ಯಾಪಾರೀ ನಿರ್ಧಾರ ಕಾಣಸಿಗುತ್ತದೆ. ಮೈಸೂರು ಸ್ಯಾಂಡಲ್ ಸಾಬೂನಿನ ಕಥೆಯನ್ನೇ ತೆಗೆದುಕೊಳ್ಳಿ. ಮೊದಲ ಮಹಾಯುದ್ಧಕ್ಕೆ ಮುನ್ನ ಮೈಸೂರಿನ ಗಂಧದ ಮರ ಕೊರಡಾಗಿಯೇ ಯುರೋಪಿಗೆ ಹೋಗುತ್ತಿತ್ತು. ಎಣ್ಣೆ ತೆಗೆದು ಲಾಭ ಮಾಡಿಕೊಳ್ಳುತ್ತಿದ್ದವರು ಅಲ್ಲಿನವರು, ಮುಖ್ಯವಾಗಿ ಜರ್ಮನರು. ಯುದ್ಧ ಬಂದು ಹಡಗಿನ ದಾರಿ ಮುಚ್ಚಿತು, ಗಂಧ ದಾಸ್ತಾನಿನಲ್ಲೇ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಗಂಧದೆಣ್ಣೆ ಇಲ್ಲಿಯೇ ತಯಾರಾಗತೊಡಗಿತು. ಕೆಲವೇ ವರ್ಷಗಳಲ್ಲಿ ಸಾಬೂನೂ ಬಂತು. ಕಚ್ಚಾ ಮಾಲು ಮಾರುವುದನ್ನು ಬಿಟ್ಟು ಸಿದ್ಧ ವಸ್ತು ಮಾರುವುದಕ್ಕೆ ಇದಕ್ಕಿಂತ ಹತ್ತಿರದ ಪಾಠ ನಮ್ಮ ಸಣ್ಣ ಕೈಗಾರಿಕೋದ್ಯಮಿಗಳಿಗೆ ಬೇಕೆ? ಅದೇ 1916ರಲ್ಲಿ ಮೈಸೂರು ವಾಣಿಜ್ಯ ಮಂಡಲವೂ ಹುಟ್ಟಿತು. ಇಂದಿನ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆಯ ಮೂಲ ಅದೇ.

ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಅನ್ನು ನೋಡಿ. 1924ರಲ್ಲಿ ಆರಂಭವಾದ ಈ ಉಪಾಹಾರ ಗೃಹದವರು ಹೇಳುವಂತೆ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದ್ದರಿಂದ ರವಾ ಇಡ್ಲಿ ಹುಟ್ಟಿತು. 1975ರ ತುರ್ತು ಪರಿಸ್ಥಿತಿಯ ಸಮಯದಲ್ಲಿ ಸರ್ಕಾರ ತಿಂಡಿಯ ಬೆಲೆಗೆ ಕಡಿವಾಣ ಹಾಕಿ ಹೋಟೆಲು ನಡೆಸುವುದು ಕಷ್ಟವಾದಾಗ, ಅವರು ಪುಡಿ ಮತ್ತು ಸಿದ್ಧ ಮಿಶ್ರಣಗಳ ಕಡೆಗೆ ಹೊರಳಿದರು. ಆ ಪೊಟ್ಟಣದ ವ್ಯಾಪಾರವೇ ಬೆಳೆದು 2007ರಲ್ಲಿ ನಾರ್ವೆ ದೇಶದ ಆರ್ಕ್ಲಾ ಸಂಸ್ಥೆ ಅದನ್ನು ಕೊಂಡುಕೊಂಡಿತು. ಮೈಸೂರಿನ ಶಾಯಿಯ ಕಾರ್ಖಾನೆಯೂ ಹೀಗೆಯೇ. 1937ರಲ್ಲಿ ಅರಗು ಮತ್ತು ಬಣ್ಣ ತಯಾರಿಸಲು ಸ್ಥಾಪಿತವಾದದ್ದು, 1962ರ ಸಾರ್ವತ್ರಿಕ ಚುನಾವಣೆಯಿಂದ ಇಡೀ ದೇಶದ ಬೆರಳಿಗೆ ಗುರುತು ಹಾಕುತ್ತ ಬಂದಿದೆ. ಪಿಗ್ಮಿ ಠೇವಣಿಯಂತೂ ದಿನಕ್ಕೆ ಎರಡಾಣೆ ಉಳಿಸುವವನ ಬಾಗಿಲಿಗೆ ಬ್ಯಾಂಕೇ ನಡೆದು ಹೋದ ಕಥೆ. ಆ ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹೆಸರು ಹೋಯಿತು, ಸಂಗತಿ ಉಳಿಯಿತು.

ಏಕೆ ಉಳಿಯಿತು? ದೊಡ್ಡ ಸಂಸ್ಥೆಗಳಲ್ಲಿ ನಡಾವಳಿ ಪುಸ್ತಕ, ಕಡತ, ಖಾತೆಗಳೆಂಬವು ಇರುತ್ತವೆ. ನಮ್ಮಂಥ ಸಣ್ಣವರ ಕಥೆ ಇರುವುದು ಮನೆಯ ಹಿರಿಯರ ಬಾಯಿಯಲ್ಲಿ ಮಾತ್ರ. ಬಾಯಿಮಾತಿಗೆ ಲೆಕ್ಕಶಾಸ್ತ್ರದಲ್ಲಿ ಎಷ್ಟು ಬೆಲೆಯೆಂಬುದು ಓದುಗರಿಗೆ ಗೊತ್ತು: ವೋಚರ್ ಇಲ್ಲದ ಖರ್ಚನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ.

ಇತಿಹಾಸಕ್ಕೂ ಇದೇ ನಿಯಮ. ಹೊಯ್ಸಳ ದೊರೆ ವೀರಬಲ್ಲಾಳ ದಾರಿ ತಪ್ಪಿ ಬಂದಾಗ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಆದ್ದರಿಂದ ಬೆಂದಕಾಳೂರು, ಅದರಿಂದ ಬೆಂಗಳೂರು ಎಂದು ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ಹುಳಿಮಾವಿನಿಂದ ಕೆಲವೇ ಕಿಲೋಮೀಟರು ದೂರದ ಬೇಗೂರಿನಲ್ಲಿ, ನಾಗೇಶ್ವರ ದೇವಾಲಯದ ಆವರಣದಲ್ಲಿ, ಸುಮಾರು ಕ್ರಿ.ಶ. 890ರ ಕಾಲದ ಒಂದು ಶಾಸನವಿದೆ. ಅದರಲ್ಲಿ ಬೆಂಗಳೂರಿನ ಕಾಳಗದ ಉಲ್ಲೇಖವಿದೆ. ಮಡಿದವರ ಹೆಸರಿನೊಡನೆ ಸೆಟ್ಟಿ ಎಂಬ ಪದವೂ ಇದೆ. ವೀರಬಲ್ಲಾಳ ಪಟ್ಟವೇರಿದ್ದು 1173ರಲ್ಲಿ. ಅವನು ಹುಟ್ಟುವುದಕ್ಕೆ ಎರಡು ಶತಮಾನಗಳಿಗೂ ಹಿಂದೆಯೇ ಊರಿಗೆ ಆ ಹೆಸರಿತ್ತು ಎಂದಾಯಿತು. ಅಜ್ಜಿಯ ಕಥೆ ಎಷ್ಟೇ ಸೊಗಸಾಗಿದ್ದರೂ ಕೆಲವು ಸಾಲಿನ ಕಲ್ಲಿನ ವೋಚರಿನ ಎದುರು ನಿಲ್ಲಲಾರದು. ಹುಳಿಮಾವಿನ ಹೆಸರಿನಲ್ಲಿ ಹುಳಿಯೂ ಇದೆ, ಮಾವೂ ಇದೆ. ಆದರೆ ಆ ಮರದ ಕಥೆಯನ್ನು ನನ್ನ ಪರಿಚಯದ ಮೂವರು ಹಿರಿಯರು ಮೂರು ಬಗೆಯಾಗಿ ಹೇಳುತ್ತಾರೆ. ಮೂವರನ್ನೂ ನಾನು ಗೌರವಿಸುತ್ತೇನೆ; ಮೂರನ್ನೂ ನಂಬುವುದು ಸಾಧ್ಯವಿಲ್ಲ.

ಈಗ ನನಗೆ ನಗು ಬಾರದಿದ್ದ ಕಾರಣಕ್ಕೆ ಬರುತ್ತೇನೆ. ನನ್ನ ಇನ್ನೊಬ್ಬ ಕಕ್ಷಿದಾರರು ಸಾರಿನ ಪುಡಿ, ಹುಳಿ ಪುಡಿ ತಯಾರಿಸುವವರು. ಅವರ ತಂದೆ 1986ರ ಸುಮಾರಿಗೆ ಮನೆಯಲ್ಲೇ ಕುಟ್ಟಿ, ಬೈಸಿಕಲ್ಲಿನಲ್ಲಿ ಅಂಗಡಿ ಅಂಗಡಿಗೆ ಹಾಕಿ ಬೆಳೆಸಿದ ವ್ಯಾಪಾರ. ಪೊಟ್ಟಣದ ಮೇಲಿನ ಹೆಸರೂ ಅವರೇ ಇಟ್ಟದ್ದು. ಅದನ್ನು ನೋಂದಾಯಿಸಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಕೆಲವು ವರ್ಷಗಳ ಹಿಂದೆ ಬೇರೆ ಜಿಲ್ಲೆಯ ತಯಾರಕರೊಬ್ಬರಿಂದ ವಕೀಲರ ನೋಟಿಸು ಬಂತು. ಅದೇ ಹೆಸರು ಅವರ ನೋಂದಾಯಿತ ವ್ಯಾಪಾರ ಚಿಹ್ನೆ, 1995ರಿಂದ ಬಳಸುತ್ತಿದ್ದೇವೆ, ಕೂಡಲೇ ನಿಲ್ಲಿಸಿ ಎಂದು.

ಕಾನೂನು ನಮ್ಮ ಪರವಾಗಿಯೇ ಇತ್ತು. 1999ರ ವ್ಯಾಪಾರ ಚಿಹ್ನೆಗಳ ಅಧಿನಿಯಮದ 34ನೆಯ ಕಲಮಿನ ಪ್ರಕಾರ, ನೋಂದಣಿ ಪಡೆದವರು ಬಳಸಲಾರಂಭಿಸಿದ ದಿನ ಅಥವಾ ನೋಂದಣಿಯ ದಿನ, ಇವೆರಡರಲ್ಲಿ ಯಾವುದು ಮೊದಲೋ ಅದಕ್ಕಿಂತಲೂ ಹಿಂದಿನಿಂದ ನಿರಂತರವಾಗಿ ಆ ಹೆಸರನ್ನು ಬಳಸುತ್ತಿರುವವರನ್ನು ತಡೆಯುವಂತಿಲ್ಲ. ನಮ್ಮ ವಕೀಲರು ಕಡತ ನೋಡಿ ಕೇಳಿದ್ದು ಒಂದೇ ಮಾತು: "1995ಕ್ಕೆ ಹಿಂದಿನ ಒಂದು ಬಿಲ್ಲು ಕೊಡಿ, ಸಾಕು."

ಒಂದು ಬಿಲ್ಲೂ ಇರಲಿಲ್ಲ. 2010ರಲ್ಲಿ ಅವರು ಗೋದಾಮು ಬದಲಿಸಿದಾಗ, ಹಳೆಯ ಪುಸ್ತಕಗಳನ್ನು ಏನು ಮಾಡುವುದೆಂದು ನನ್ನನ್ನೇ ಕೇಳಿದ್ದರು. ಎಂಟು ವರ್ಷ ದಾಟಿದ್ದನ್ನೆಲ್ಲ ರದ್ದಿಗೆ ಹಾಕಿ, ಜಾಗವಾದರೂ ಉಳಿಯುತ್ತದೆ ಎಂದವನು ನಾನು. ಕಿಲೋ ಲೆಕ್ಕದಲ್ಲಿ ಮಾರಿ ಬಂದ ಹಣವನ್ನು ಇತರೆ ಆದಾಯವೆಂದು ಜಮಾ ಹಾಕಿಸಿದವನೂ ನಾನೇ. ತೆರಿಗೆಯ ದೃಷ್ಟಿಯಿಂದ ನನ್ನ ಸಲಹೆಯಲ್ಲಿ ತಪ್ಪಿರಲಿಲ್ಲ. ಆದರೆ ನಾನು ಕೇವಲ ತೆರಿಗೆಯ ದೃಷ್ಟಿಯಿಂದ ನೋಡಿದ್ದೆ.

ಮನೆಯೆಲ್ಲ ಜಾಲಾಡಿದಾಗ ಸಿಕ್ಕಿದ್ದು ಒಂದೇ, 1992ರ ಮದುವೆಯ ಛಾಯಾಚಿತ್ರ. ಹಿನ್ನೆಲೆಯಲ್ಲಿ ಅಂಗಡಿಯ ನಾಮಫಲಕವಿದೆ. ಹೆಸರಿನ ಅರ್ಧ ಭಾಗ ಶಾಮಿಯಾನದ ಹಿಂದೆ ಮರೆಯಾಗಿದೆ. ಕೊನೆಗೆ ರಾಜಿಯಾಯಿತು. ಹೆಸರಿನ ಹಿಂದೆ ಮನೆತನದ ಹೆಸರು ಸೇರಿಸಿ, ಬಣ್ಣ ಬದಲಿಸಿ, ಹೊಸ ಅಚ್ಚು ಮಾಡಿಸಿ ಪೊಟ್ಟಣ ಮುದ್ರಿಸಬೇಕಾಯಿತು. ಹಳೆಯ ಪೊಟ್ಟಣದ ದಾಸ್ತಾನು ವ್ಯರ್ಥವಾಯಿತು. ಇಪ್ಪತ್ತು ವರ್ಷಗಳ ಗಿರಾಕಿಗಳು ಹೊಸ ಪೊಟ್ಟಣ ನೋಡಿ ಇದು ನಕಲಿ ಮಾಲು ಎಂದು ಹಿಂತಿರುಗಿಸಿದ್ದೇ ಅವರಿಗೆ ಎಲ್ಲಕ್ಕಿಂತ ಹೆಚ್ಚು ನೋವು ತಂದ ಸಂಗತಿ. ನನ್ನನ್ನು ಅವರು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು.

ನಮ್ಮ ವೃತ್ತಿಯವರು ಇಂಥ ತಪ್ಪು ಮಾಡುವುದಕ್ಕೆ ಒಂದು ಹಿನ್ನೆಲೆಯಿದೆ. ಲೆಕ್ಕಪತ್ರ ಮಾನದಂಡ 26ರ ಪ್ರಕಾರ, ಹಣ ಕೊಟ್ಟು ಕೊಂಡ ಹೆಸರನ್ನು ಆಸ್ತಿಯೆಂದು ತೋರಿಸಬಹುದು. ತಾನೇ ದುಡಿದು ಗಳಿಸಿದ ಹೆಸರನ್ನು ತೋರಿಸುವಂತಿಲ್ಲ. ಆಸ್ತಿ ಹೊಣೆ ಪಟ್ಟಿಯಲ್ಲಿ ಇಲ್ಲದ್ದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕಂಪನಿ ಕಾನೂನು ಎಂಟು ಹಣಕಾಸು ವರ್ಷಗಳ ಪುಸ್ತಕ ಇಡಿ ಎನ್ನುತ್ತದೆ, ಜಿ.ಎಸ್.ಟಿ. ಕಾನೂನು ವಾರ್ಷಿಕ ವಿವರಣೆ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಎನ್ನುತ್ತದೆ. ಅವು ಕನಿಷ್ಠ ಅವಧಿಗಳು. ಅನಂತರ ಸುಟ್ಟುಹಾಕಿ ಎಂದು ಯಾವ ಕಾನೂನೂ ಹೇಳಿಲ್ಲ.

ಹಾಗೆಂದು ಗೋದಾಮಿನ ತುಂಬ ಹಳೆಯ ಲೆಡ್ಜರು ಪೇರಿಸಿಡಿ ಎಂದು ನಾನು ಹೇಳುತ್ತಿಲ್ಲ. ವರ್ಷಕ್ಕೊಂದು ಮಾರಾಟದ ಬಿಲ್ಲು, ಮೊದಲ ಪರವಾನಗಿ, ಮಾರಾಟ ತೆರಿಗೆಯ ಹಳೆಯ ನೋಂದಣಿ ಪತ್ರ, ಪೊಟ್ಟಣದ ವಿನ್ಯಾಸ ಬದಲಾದಾಗಲೆಲ್ಲ ಅದರ ಒಂದು ಮಾದರಿ, ಇಷ್ಟಾದರೆ ಒಂದು ಟ್ರಂಕು ತುಂಬುವುದಿಲ್ಲ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಮುದ್ರಣಾಲಯದವರು ಕೊಟ್ಟ ಬಿಲ್ಲು: ಇಷ್ಟು ಸಾವಿರ ಲೇಬಲ್ಲು, ಇಂಥ ಹೆಸರಿನಲ್ಲಿ, ಇಂಥ ದಿನ. ನಮ್ಮ ಪುಸ್ತಕದಲ್ಲಿ ನಾವೇ ಬರೆದುಕೊಂಡದ್ದಕ್ಕಿಂತ ಮೂರನೆಯವರು ದಿನಾಂಕ ಹಾಕಿ ಕೊಟ್ಟ ಕಾಗದಕ್ಕೆ ತೂಕ ಹೆಚ್ಚು. ಈಗಂತೂ 2017ರ ನಿಯಮಗಳ ಪ್ರಕಾರ, ವ್ಯಾಪಾರ ಚಿಹ್ನೆಗೆ ಅರ್ಜಿ ಹಾಕುವಾಗ ಹಿಂದಿನಿಂದ ಬಳಸುತ್ತಿದ್ದೇವೆ ಎಂದರೆ ಪ್ರಮಾಣಪತ್ರದ ಜೊತೆಗೆ ಆಧಾರ ಪತ್ರಗಳನ್ನೂ ಲಗತ್ತಿಸಬೇಕು. ಭೌಗೋಳಿಕ ಸೂಚಕದ ವಿಷಯದಲ್ಲೂ ಹೀಗೆಯೇ. ಮೈಸೂರು ರೇಷ್ಮೆ, ಚನ್ನಪಟ್ಟಣದ ಆಟಿಕೆ, ನಂಜನಗೂಡು ರಸಬಾಳೆ, ಬ್ಯಾಡಗಿ ಮೆಣಸಿನಕಾಯಿಗಳಿಗೆ ಆ ಮನ್ನಣೆ ದೊರೆತಿದೆ. ಅಂಥ ಅರ್ಜಿಯಲ್ಲಿ ಮೂಲದ ಪುರಾವೆ ಎಂಬ ಭಾಗವೇ ಪ್ರತ್ಯೇಕವಾಗಿದೆ.

ಟ್ರಂಕನ್ನು ನೆಲಮಾಳಿಗೆಯಲ್ಲಿ ಮಾತ್ರ ಇಡಬೇಡಿ. 2019ರ ನವೆಂಬರ್ 24ರಂದು ಹುಳಿಮಾವು ಕೆರೆಯ ಏರಿ ಒಡೆದಾಗ, ನೂರಾರು ಮನೆಗಳಿಗೆ ನೀರು ನುಗ್ಗಿತು. ಮರುದಿನ ತಾರಸಿಯ ಮೇಲೆ ಬಟ್ಟೆಯ ಬದಲು ಕಡತಗಳನ್ನು ಒಣಗಹಾಕಿದ್ದನ್ನು ನಾನು ಕಂಡಿದ್ದೇನೆ. ಬಾಲ್‌ಪೆನ್ನಿನಲ್ಲಿ ಬರೆದದ್ದು ಉಳಿದಿತ್ತು. ಮಸಿಯ ಬರಹ ಹೋಗಿತ್ತು.

ಯಾವ ಕಾಗದಕ್ಕೆ ಮುಂದೆ ಬೆಲೆ ಬರುತ್ತದೆಂದು ಬರೆದ ದಿನ ಯಾರಿಗೂ ತಿಳಿಯುವುದಿಲ್ಲ. 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಪ್ರಕಾಶ್ ಪಡುಕೋಣೆ ಬಾಲ್ಯದಲ್ಲಿ ಆಡಿ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನಲ್ಲಿ, ಮದುವೆಗಳೂ ನಡೆಯುತ್ತಿದ್ದ ಸಭಾಂಗಣದಲ್ಲಿ. ಮದುವೆಯಿದ್ದ ದಿನ ಆಟವಿಲ್ಲ. ಅಂಥ ಸಭಾಂಗಣದ ಅಂದಿನ ಬುಕಿಂಗ್ ಪುಸ್ತಕವೊಂದು ಇಂದು ಸಿಕ್ಕರೆ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಡುವವರು ಇದ್ದಾರೆ. ಅಂದು ಅದನ್ನು ಬರೆದವರಿಗೆ ಅದು ಮುಂಗಡ ಹಣದ ಲೆಕ್ಕ, ಅಷ್ಟೆ.

ನಮ್ಮ ಸಂಸ್ಥೆ ತನ್ನ ವಾರ್ಷಿಕೋತ್ಸವದಲ್ಲಿ ಸದಸ್ಯರ ಮಕ್ಕಳಿಗಾಗಿ ಕನ್ನಡದಲ್ಲಿ ಒಂದು ರಸಪ್ರಶ್ನೆ ಸ್ಪರ್ಧೆ ನಡೆಸಬೇಕೆಂಬುದು ನನ್ನ ಸಲಹೆ. ಅರ್ಧ ಪ್ರಶ್ನೆಗಳು ನಾಡಿನ ವಾಣಿಜ್ಯದ ಬಗ್ಗೆ ಇರಲಿ. ಉಳಿದರ್ಧ ಅವರವರ ಮನೆಯ ವ್ಯಾಪಾರದ ಬಗ್ಗೆ: ಮೊದಲ ಬಂಡವಾಳ ಎಲ್ಲಿಂದ ಬಂತು, ಮೊದಲ ಗಿರಾಕಿ ಯಾರು, ಈ ಹೆಸರು ಇಟ್ಟವರಾರು. ಉತ್ತರಕ್ಕೆ ಐದು ಅಂಕ, ಅದರ ಕಾಗದ ತಂದು ತೋರಿಸಿದರೆ ಹತ್ತು. ಖರ್ಚು ಹೆಚ್ಚಲ್ಲ, ನನ್ನ ಪಾಲಿನ ಬಹುಮಾನವನ್ನು ನಾನೇ ಕೊಡುತ್ತೇನೆ. ಇದೆಲ್ಲ ಮಕ್ಕಳಾಟ ಎನ್ನುವ ಸದಸ್ಯರು ಇದ್ದರೆ, ದಯವಿಟ್ಟು ತಮ್ಮ ಸಂಸ್ಥೆ ಆರಂಭವಾದ ದಿನಾಂಕವನ್ನು ಈ ಪುಟ ಮಡಿಸುವ ಮುನ್ನ ಒಮ್ಮೆ ಬರೆದು ನೋಡಲಿ.

ದೀಪಾವಳಿ ಕಳೆದು ಮೂರು ವಾರಗಳಾದ ಮೇಲೆ ಫಲಕ ಗೆದ್ದ ಆ ಹುಡುಗ ನನ್ನ ಕಚೇರಿಗೆ ಬಂದ. ಅಜ್ಜನ ಕಬ್ಬಿಣದ ಪೆಟ್ಟಿಗೆಯ ಅಡಿಯಲ್ಲಿ ಹಾಸಿದ್ದ ಒಂದು ಮಾರಾಟ ತೆರಿಗೆ ನೋಂದಣಿ ಪತ್ರ ಅವನ ಕೈಯಲ್ಲಿತ್ತು. ದಿನಾಂಕವಿದ್ದ ಮೂಲೆಯನ್ನು ಗೆದ್ದಲು ತಿಂದಿತ್ತು. "ಸಾರ್, ಮೇಲೆ ಮೈಸೂರು ಸರ್ಕಾರ ಎಂದು ಅಚ್ಚಾಗಿದೆ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದು 1973ರ ನವೆಂಬರ್ 1. ಹಾಗಾದರೆ ನಮ್ಮ ಅಂಗಡಿ ಅದಕ್ಕಿಂತ ಹಿಂದಿನದು" ಎಂದ. ಅವನ ತಂದೆಗೂ ನನಗೂ ಹೊಳೆಯದಿದ್ದ ಮಾತು. ಬೆನ್ನು ತಟ್ಟಿದೆ. ಆಮೇಲೆ ನನ್ನ ವೃತ್ತಿ ಸುಮ್ಮನಿರಬೇಕಲ್ಲ: ಸರ್ಕಾರಿ ಕಚೇರಿಗಳಲ್ಲಿ ಹಳೆಯ ನಮೂನೆಗಳು ಮುಗಿಯುವವರೆಗೆ ಅವನ್ನೇ ಬಳಸುವ ರೂಢಿಯುಂಟು, ಆದ್ದರಿಂದ ಇದೊಂದನ್ನೇ ನಂಬಿ ನಾಮಫಲಕದ ಮೇಲೆ ವರ್ಷ ಬರೆಸಬೇಡ, ಮುದ್ರಣಾಲಯದ ಬಿಲ್ಲೇನಾದರೂ ಇದೆಯೇ ನೋಡು ಎಂದೆ. ಅಟ್ಟದ ಮೇಲೆ ಇನ್ನೂ ಎರಡು ಮೂಟೆ ಬಾಕಿಯಿವೆಯಂತೆ. ಭಾನುವಾರ ಇಳಿಸುತ್ತೇನೆ ಎಂದು ಹೇಳಿ ಹೋಗಿದ್ದಾನೆ.