ಹಕ್ಕಿ ನೋಡಲು ಹೋಗಿ, ತಿಂಡಿ ತಿಂದು ಹೋಗಿ

ನಿವೃತ್ತರಾದವರಿಗೆ, ಸಂಗಾತಿಯನ್ನು ಕಳೆದುಕೊಂಡು ಮನೆ ಹಿಡಿದು ಕುಳಿತವರಿಗೆ ನಾನು ಮಾತ್ರೆಯ ಜೊತೆಗೆ ಇನ್ನೊಂದು ಸಲಹೆಯನ್ನೂ ಕೊಡುವುದುಂಟು: ಒಂದು ಭಾನುವಾರ ಹಕ್ಕಿ ನೋಡುವವರ ಗುಂಪಿನೊಡನೆ ಹೋಗಿಬನ್ನಿ. 'ಕಾಗೆ, ಗುಬ್ಬಿ ಬಿಟ್ಟರೆ ನನಗೇನೂ ಗೊತ್ತಿಲ್ಲ ಡಾಕ್ಟ್ರೇ' ಎನ್ನುತ್ತಾರೆ. ಅಷ್ಟು ಗೊತ್ತಿದ್ದರೆ ಸಾಕು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ತಿಂಗಳ ಎರಡನೇ ಭಾನುವಾರ ಹೀಗೆ ಸೇರುವ ಪದ್ಧತಿ 1970ರ ದಶಕದಲ್ಲೇ ಆರಂಭವಾದದ್ದು. ಫೆಬ್ರವರಿಯಲ್ಲಿ 4 ದಿನ ನಡೆಯುವ ಹಿತ್ತಲ ಹಕ್ಕಿಗಳ ಎಣಿಕೆಯಲ್ಲಿ 15 ನಿಮಿಷ ಕೊಟ್ಟರೂ ನೀವು ಪಾಲುಗೊಂಡಂತೆಯೇ. ಮೊದಲ ದಿನವೇ ದುರ್ಬೀನು ಕೊಳ್ಳಬೇಡಿ. ಪಕ್ಕದವರನ್ನು ಕೇಳಿದರೆ ಸಂತೋಷದಿಂದ ಕೊಡುತ್ತಾರೆ.

ಆದರೆ ಇದನ್ನು ವ್ಯಾಯಾಮವೆಂದು ಲೆಕ್ಕ ಹಾಕಬೇಡಿ. ಎರಡು ಗಂಟೆಯಲ್ಲಿ ಒಂದು ಕಿಲೋಮೀಟರು ಸಾಗಿದರೆ ಹೆಚ್ಚು. ವಾರಕ್ಕೆ 150 ನಿಮಿಷದ ಬಿರುಸು ನಡಿಗೆ ಬೇರೆಯಾಗಿಯೇ ಆಗಬೇಕು. ಇಲ್ಲಿ ಸಿಗುವುದು ಜನರ ಒಡನಾಟ ಮತ್ತು ಕಣ್ಣಿಗೆ ದೂರದ ನೋಟ. ಮಕ್ಕಳನ್ನೂ ಕರೆದೊಯ್ಯಿರಿ. ಹೊರಗಿನ ಬೆಳಕಿನಲ್ಲಿ ದಿನವೂ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಕಡಿಮೆಯೆಂಬುದು ದೃಢಪಟ್ಟಿದೆ.

ನನ್ನ ಚಿಂತೆ ಮಧುಮೇಹಿಗಳದ್ದು. ಬೆಳಿಗ್ಗೆ 7ಕ್ಕೆ ಸೇರಬೇಕೆಂದು ಮಾತ್ರೆ ನುಂಗಿ ಅಥವಾ ಇನ್ಸುಲಿನ್ ಚುಚ್ಚಿಕೊಂಡು, 'ತಿಂಡಿ ಬಂದಮೇಲೆ ಮಾಡಿದರಾಯಿತು' ಎಂದು ಹೊರಡುತ್ತಾರೆ. ಒಂಬತ್ತರ ಹೊತ್ತಿಗೆ ಮೈ ಬೆವರಿ, ಕೈ ನಡುಗಿ, ಮಾತು ತಡವರಿಸತೊಡಗುತ್ತದೆ. ಜೊತೆಯಲ್ಲಿರುವವರೆಲ್ಲ ಮರದ ತುದಿಯ ಕುಟುರವನ್ನು ನೋಡುತ್ತಿರುತ್ತಾರೆ! ಅದು ಆಯಾಸವಲ್ಲ, ರಕ್ತದಲ್ಲಿ ಸಕ್ಕರೆ ಕುಸಿದಿರುವುದು. ಎರಡು ಇಡ್ಲಿಯನ್ನಾದರೂ ತಿಂದೇ ಹೊರಡಿ, ಜೇಬಿನಲ್ಲಿ ಗ್ಲೂಕೋಸ್ ಪುಡಿಯೋ ಸಕ್ಕರೆಯೋ ಇರಲಿ. ನಿಮಗೆ ಮಧುಮೇಹವಿದೆಯೆಂದು ಗುಂಪಿನಲ್ಲಿ ಒಬ್ಬರಿಗಾದರೂ ತಿಳಿಸಿ. ಇದರಲ್ಲಿ ನಾಚಿಕೆಯೇನು?

ಉಬ್ಬಸವಿರುವವರು ಇನ್‌ಹೇಲರ್ ಮರೆಯಬಾರದು. ಕತ್ತು ನೋವಿರುವವರು ಮೇಲೆಯೇ ನೋಡುತ್ತ ನಿಲ್ಲದೆ, ಕೆರೆಯ ಹಕ್ಕಿಗಳಿಂದ ಆರಂಭಿಸುವುದು ಲೇಸು.

ಇನ್ನು ಮಲೆನಾಡಿನ ಕಾಡುಗಳಿಗೆ ಹೋಗುವವರಿಗೆ ಒಂದು ಮಾತು. ವಲಸೆ ಹಕ್ಕಿಗಳನ್ನು ನೋಡಲು ಒಳ್ಳೆಯ ತಿಂಗಳುಗಳಲ್ಲೇ ಮಂಗನ ಕಾಯಿಲೆಯ ಕಾಲವೂ ಬರುತ್ತದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಈ ಜ್ವರ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ತನಕ ಉಣುಗು ಕಚ್ಚುವುದರಿಂದ ಬರುತ್ತದೆ, ಸಾವೂ ಸಂಭವಿಸಿದೆ. ಆ ಭಾಗದಲ್ಲಿ ಕಾಯಿಲೆ ಕಾಣಿಸಿದೆಯೇ ಎಂದು ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಮಂಗ ಸತ್ತ ಜಾಗವಾದರೆ ಯಾವ ಹಕ್ಕಿಗೋಸ್ಕರವೂ ಅಲ್ಲಿಗೆ ಕಾಲಿಡಬೇಡಿ. ಉದ್ದ ತೋಳಿನ ಅಂಗಿ ತೊಟ್ಟು, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ತರಗೆಲೆಯ ಮೇಲೆ ಕೂರಬೇಡಿ. ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಗಳನ್ನು ಒಗೆಯಿರಿ. ಒಂದೆರಡು ವಾರದೊಳಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ, ಕಾಡಿಗೆ ಹೋಗಿದ್ದನ್ನು ನಿಮ್ಮ ವೈದ್ಯರು ಕೇಳದಿದ್ದರೂ ನೀವಾಗಿಯೇ ಹೇಳಿ.