ಬಣ್ಣ, ಬೆಳಕು ಮತ್ತು ಬಾಯೊಳಗಿನ ಯೀಸ್ಟ್

ಮಕ್ಕಳೇ, ಬ್ರೆಡ್ಡು ಸ್ಪಂಜಿನ ಹಾಗೆ ಉಬ್ಬುವುದು ಯಾರ ದೆಸೆಯಿಂದ? ಯೀಸ್ಟ್ ಎಂಬ ಕಣ್ಣಿಗೆ ಕಾಣದ ಜೀವಿಯಿಂದ. ಅಣಬೆಯೂ ಹಳಸಿದ ರೊಟ್ಟಿಯ ಮೇಲಿನ ಬೂಷ್ಟೂ ಅದರ ನೆಂಟರೇ. ಎಲ್ಲವೂ ಶಿಲೀಂಧ್ರಗಳ ಬಳಗ. ಈ ಬಳಗದಲ್ಲಿ ಕ್ಯಾಂಡಿಡಾ ಎಂಬ ಇನ್ನೊಂದು ಯೀಸ್ಟ್ ಇದೆ. ನಮ್ಮಲ್ಲಿ ಅನೇಕರ ಬಾಯಲ್ಲಿ, ಕರುಳಲ್ಲಿ ಅದು ಗಲಾಟೆ ಮಾಡದ ಬಾಡಿಗೆದಾರನಂತೆ ವಾಸ ಮಾಡುತ್ತದೆ.

ಮೈಯಲ್ಲಿ ಶಕ್ತಿ ಕುಂದಿದಾಗ ಮಾತ್ರ ಅದು ಮನೆ ಯಜಮಾನನಾಗಲು ಹೊರಡುತ್ತದೆ. ಎಳೆಗೂಸುಗಳು, ಸಕ್ಕರೆ ಕಾಯಿಲೆಯವರು, ಬಹಳ ದಿನ ಆ್ಯಂಟಿಬಯಾಟಿಕ್ ನುಂಗಿದವರು, ಉಬ್ಬಸಕ್ಕೆ ಸ್ಟಿರಾಯ್ಡ್ ಇನ್‌ಹೇಲರ್ ಬಳಸುವವರು ಮತ್ತು ನನ್ನ ವಯಸ್ಸಿನ ಹಲ್ಲಿನ ಸೆಟ್ಟಿನವರು ಎಚ್ಚರವಾಗಿರಬೇಕು. ನಾಲಿಗೆಯ ಮೇಲೆ ಮೊಸರು ಚೆಲ್ಲಿದಂತೆ ಬಿಳಿ ಮಚ್ಚೆ ಕಾಣಬಹುದು. ಸೆಟ್ಟಿನ ಅಡಿಯಲ್ಲಿ ಅಂಗಳ ಕೆಂಪಾಗಬಹುದು. ಎಷ್ಟೋ ಸಲ ನೋವೇ ಇರದ ಕಾರಣ ಗೊತ್ತೂ ಆಗುವುದಿಲ್ಲ.

ಇದಕ್ಕೆ ಔಷಧಿಗಳಿವೆ. ಜೊತೆಗೆ ಬೆಳಕಿನಿಂದ ಗುಣಪಡಿಸುವ ಪ್ರಯತ್ನವೂ ನಡೆದಿದೆ.

ಬೆಳಕಿನ ಚಿಕಿತ್ಸೆ ಹೊಸದೇನಲ್ಲ. ಚರ್ಮದ ಕ್ಷಯಕ್ಕೆ ಬೆಳಕಿನಿಂದ ಮದ್ದು ಮಾಡಿದ ಡೆನ್ಮಾರ್ಕಿನ ವೈದ್ಯ ನೀಲ್ಸ್ ಫಿನ್ಸೆನ್‌ಗೆ 1903ರಲ್ಲಿ ನೊಬೆಲ್ ಬಂತು. ಅದಕ್ಕೂ ಸ್ವಲ್ಪ ಮೊದಲು ಜರ್ಮನಿಯ ಮ್ಯೂನಿಕ್‌ನಲ್ಲಿ ಆಸ್ಕರ್ ರಾಬ್ ಎಂಬ ವೈದ್ಯಕೀಯ ವಿದ್ಯಾರ್ಥಿ ಒಂದು ವಿಚಿತ್ರ ಕಂಡಿದ್ದ. ಅಕ್ರಿಡಿನ್ ಎಂಬ ಬಣ್ಣ ಬೆರೆಸಿದ ನೀರಿನಲ್ಲಿ ಪ್ಯಾರಮೀಸಿಯಂ ಜೀವಿಗಳು ಬೆಳಕಿದ್ದಾಗ ಬೇಗ ಸಾಯುತ್ತಿದ್ದವು, ಕತ್ತಲಲ್ಲಿ ಉಳಿಯುತ್ತಿದ್ದವು. 1900ರಲ್ಲಿ ಆತ ಇದನ್ನು ಪ್ರಕಟಿಸಿದ.

ಬ್ಯಾಂಕಿನ ಲಾಕರ್ ನೋಡಿದ್ದೀರಾ? ಗ್ರಾಹಕರ ಕೀ, ಬ್ಯಾಂಕಿನ ಕೀ ಎರಡೂ ಬೇಕು. ಒಂದರಿಂದ ತೆರೆಯದು. ಇಲ್ಲಿ ಕೀ ಮೂರು: ಬಣ್ಣ, ಬೆಳಕು, ಆಮ್ಲಜನಕ. ಬಣ್ಣವನ್ನು ಹಚ್ಚಿದಾಗ ಅದು ಯೀಸ್ಟ್‌ಗೆ ಅಂಟಿಕೊಳ್ಳುತ್ತದೆ. ತಕ್ಕ ಬೆಳಕು ಬಿದ್ದಾಗ ಅದರ ಶಕ್ತಿಯನ್ನು ಹೀರಿ ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ. ಕೆರಳಿದ ಆ ಆಮ್ಲಜನಕ ಬದುಕುವುದು ಸೆಕೆಂಡಿನ ಅತ್ಯಲ್ಪ ಭಾಗ. ಅಷ್ಟರಲ್ಲೇ ಯೀಸ್ಟ್‌ನ ಹೊದಿಕೆಯನ್ನು ಹರಿದುಬಿಡುತ್ತದೆ. ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣಕ್ಕೆ ಕೆಂಪು ಬೆಳಕು ಬೇಕು. ನಮ್ಮ ಅರಿಸಿನದ ಹಳದಿಯಾದ ಕರ್ಕ್ಯುಮಿನ್‌ಗೆ ನೀಲಿ ಬೆಳಕು.

ಇಷ್ಟೆಲ್ಲ ಏಕೆ, ಮಾತ್ರೆ ಸಾಲದೇ ಎನ್ನಬಹುದು. ಕೆಲವು ಯೀಸ್ಟ್‌ಗಳು ಮಾತ್ರೆಗೆ ಜಗ್ಗುತ್ತಿಲ್ಲ. 2009ರಲ್ಲಿ ಜಪಾನಿನಲ್ಲಿ ರೋಗಿಯೊಬ್ಬರ ಕಿವಿಯಿಂದ ಗುರುತಿಸಲಾದ ಕ್ಯಾಂಡಿಡಾ ಆರಿಸ್ ಅಂಥದ್ದು. ಅದು ನಮ್ಮ ದೇಶದ ಆಸ್ಪತ್ರೆಗಳಲ್ಲೂ ಕಂಡಿದೆ. ಔಷಧಿ ಸಾಮಾನ್ಯವಾಗಿ ಒಂದು ಕಡೆ ಹೊಡೆಯುತ್ತದೆ, ಬೆಳಕಿನ ಏಟು ಏಕಕಾಲಕ್ಕೆ ಹಲವು ಕಡೆ ಬೀಳುತ್ತದೆ. ಹೀಗಾಗಿ ತಪ್ಪಿಸಿಕೊಳ್ಳುವುದು ಕಷ್ಟ.

ಆದರೆ ಲೆಕ್ಕದ ಎರಡೂ ಬದಿ ನೋಡಬೇಕಲ್ಲ. ಬೆಳಕು ತಲುಪುವುದು ಮೇಲ್ಮೈಗೆ ಮಾತ್ರ. ರಕ್ತಕ್ಕಿಳಿದ ಸೋಂಕಿಗೆ ಇದು ಉಪಯೋಗವಿಲ್ಲ. ಬ್ರೆಜಿಲ್‌ನ ದಂತವೈದ್ಯರು ಹಲ್ಲಿನ ಸೆಟ್ಟಿನವರ ಮೇಲೆ ಪ್ರಯೋಗಿಸಿದಾಗ ಅನೇಕರ ಬಾಯಿಯ ಕೆಂಪು ಇಳಿಯಿತು, ಆದರೆ ಹಲವರಿಗೆ ಮತ್ತೆ ಮರಳಿತು. ಆದ್ದರಿಂದ ಇಂದಿಗೂ ಮೊದಲು ಕೊಡುವುದು ನಿಸ್ಟಾಟಿನ್, ಕ್ಲೊಟ್ರಿಮಜೋಲ್‌ನಂಥ ಔಷಧಿಗಳನ್ನೇ.

ಹಿರಿಯರೇ, ಇದನ್ನೋದಿ ಅರಿಸಿನ ಹಚ್ಚಿಕೊಂಡು ಟಾರ್ಚ್ ಹಿಡಿಯಬೇಡಿ! ಬಣ್ಣದ ಪ್ರಮಾಣ, ಬೆಳಕಿನ ತೀವ್ರತೆ, ನಿಮಿಷ ಎಲ್ಲವೂ ಅಳೆದು ಮಾಡುವಂಥವು. ನಮ್ಮ ಕೈಯಲ್ಲಿರುವುದನ್ನು ಮಾಡೋಣ. ರಾತ್ರಿ ಸೆಟ್ಟು ತೆಗೆದು, ಮೆತ್ತನೆಯ ಬ್ರಶ್ಶಿನಿಂದ ಉಜ್ಜಿ, ತಣ್ಣೀರಿನ ಬಟ್ಟಲಲ್ಲಿಡಿ. ಕುದಿಯುವ ನೀರು ಬೇಡ, ಆಕಾರ ಕೆಡುತ್ತದೆ. ಇನ್‌ಹೇಲರ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ. ಸಕ್ಕರೆ ಹತೋಟಿಯಲ್ಲಿರಲಿ. ಬಿಳಿ ಮಚ್ಚೆಯೋ ಕೆಂಪೋ ವಾರವಾದರೂ ಹೋಗದಿದ್ದರೆ, ನುಂಗಲು ಕಷ್ಟವಾದರೆ ವೈದ್ಯರಿಗೆ ತೋರಿಸಿ.

ಮಕ್ಕಳೇ, ನಿಮಗೂ ಒಂದು ಕೆಲಸ. ರಾತ್ರಿ ಮಲಗುವ ಮುಂಚೆ ಅಜ್ಜ ಅಜ್ಜಿಯ ಬಟ್ಟಲಿಗೆ ನೀರು ತುಂಬಿಸಿಡಿ. ಸೆಟ್ಟು ತೆಗೆದರೇ ಎಂದು ಕೇಳಿ. ಅವರು ಗೊಣಗಿದರೂ ಬಿಡಬೇಡಿ.